ಎಣ್ಣೆ ಬಟ್ಟಲು

ಸಂಪೆಕಟ್ಟೆಯ ಚಾ ಅಂಗಡಿ ಮುಂದೆ ಲ್ಯಾನ್ಸಿ ಬಾನೆಟ್ ಎತ್ತಿದ,
ಹೊಸ ಕರು ಹುಟ್ಟಿದ್ದನ್ನು ತೋರಿಸುವವನ ಹಾಗೆ.
ಒಳಗೊಂದು ಕೆಂಪು ಶಂಕು,
ಮಿರಿಮಿರಿ ಕೊಳವೆ, ಸ್ಟೀಲಿನ ಪಟ್ಟಿ.
'ಹದಿನಾಲ್ಕು ಸಾವಿರ, ಕೊರಿಯರ್ ಬೇರೆ' ಅಂದ.
ಎಕ್ಸಿಲೇಟರ್ ತುಳಿದ.
ಮಾರಾಯ, ಸುಳ್ಳು ಹೇಳಬಾರದು,
ಅದು ಕೂಗಿದ ಕೂಗಿಗೆ
ಬೆಂಚಿನಡಿಯ ನಾಯಿ ಎದ್ದು ನಿಂತಿತು,
ನನ್ನ ಗ್ಲಾಸಿನ ಚಾದಲ್ಲಿ ಸಣ್ಣ ಸಣ್ಣ ಉಂಗುರ.

ಆ ರಾತ್ರಿ ಲೆಕ್ಕ ಹಾಕಿದೆ.
ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಎಷ್ಟು ಟ್ರಿಪ್,
ಡೀಸೆಲ್ ಕಳೆದು, ಯೂನಿಯನ್ ವಂತಿಗೆ ಕಳೆದು,
ಮಗಳ ಕನ್ನಡಕ ಕಳೆದು.
ಕಳೆಯುತ್ತ ಹೋದರೆ ಕೊನೆಗೆ ಉಳಿದದ್ದು
ಆ ಕೂಗೊಂದೇ.

ನನ್ನದು ತೊಂಬತ್ತೇಳರ ಜೀಪು.
ಅದರ ಮೂಗಲ್ಲಿ ಹತ್ತಿಯಿಲ್ಲ, ಕಾಗದವಿಲ್ಲ,
ಒಂದು ಎಣ್ಣೆ ಬಟ್ಟಲು, ಮೇಲೆ ತಂತಿಯ ಗೂಡು.
ಬಂದ ಗಾಳಿ ಎಣ್ಣೆಯ ಮುಖ ನೋಡಿ ತಿರುಗಬೇಕು,
ತಿರುಗುವಾಗ ಹೊತ್ತದ್ದನ್ನು ಇಳಿಸಿ ಹೋಗಬೇಕು.
ಅಷ್ಟೇ ಅದರ ವಿದ್ಯೆ.

ಹೊಸನಗರಕ್ಕೆ, ಗಫಾರ್ ಸಾಬರ ಶೆಡ್ಡಿಗೆ, ಇಬ್ಬರೂ ಹೋದೆವು.
ಅವರು ಮೊದಲು ನನ್ನ ಬಟ್ಟಲು ಬಿಚ್ಚಿದರು.
ತಳದಲ್ಲಿ ಮೂರು ತಿಂಗಳು ಕೂತಿತ್ತು.
ಜಂಬಿಟ್ಟಿಗೆ ರಸ್ತೆಯ ಫೆಬ್ರವರಿ, ಕೆಂಪಗೆ.
ಅದರ ಮೇಲೆ, ಗುಡ್ಡಕ್ಕೆ ಬೆಂಕಿ ಬಿದ್ದ ವಾರದ ಬೂದಿ.
ಒಂದು ಜೀರುಂಡೆ ರೆಕ್ಕೆ.
ಯಾರ ಜಡೆಯಿಂದಲೋ ಹಾರಿ ಬಂದ ಉದ್ದ ಕೂದಲು.
ಎಲ್ಲ ಸೇರಿ ಅಂಬಲಿಯಷ್ಟು ಮಂದ.

ಆಮೇಲೆ ಲ್ಯಾನ್ಸಿಯ ಕೊಳವೆ ಕಳಚಿ,
ಶಂಕುವಿನ ಆಚೆ, ಎಂಜಿನ್ನಿನ ಕಡೆ,
ತೋರುಬೆರಳು ತೂರಿಸಿ ಒರೆಸಿ ಬೆಳಕಿಗೆ ಹಿಡಿದರು.
ಏನೂ ಕಾಣಲಿಲ್ಲ.
ಬೆರಳಿಗೆ ಹೆಬ್ಬೆರಳು ಉಜ್ಜಿ
ನನ್ನ ಕಿವಿಯ ಹತ್ತಿರ ತಂದರು:
ಕರ್ ಕರ್.
'ತಿಂತಾ ಇದೆ' ಅಂದರು.
'ಈಗ ಗೊತ್ತಾಗಲ್ಲ. ಎರಡು ಬೇಸಿಗೆ ಹೋಗಲಿ,
ನೀಲಿ ಹೊಗೆ ಬಂದು ಹೇಳ್ತದೆ.'
ನನ್ನ ಕೊಳವೆಗೂ ಬೆರಳಿಟ್ಟರು. ಬರೀ ಜಿಡ್ಡು.
'ನಿಂದೇನು ಸಾಚಾ ಅಲ್ಲ.
ಏರಿನಲ್ಲಿ ಬಟ್ಟಲು ವಾಲಿ ಎಣ್ಣೆ ಕುಡೀತದೆ.
ಗೆರೆ ತನಕ ಮಾತ್ರ ಹಾಕು ಅಂದ್ರೆ ಎಂದಾದ್ರೂ ಕೇಳಿದ್ದೀಯ?'

ಲ್ಯಾನ್ಸಿ ಸೋಲುವವನಲ್ಲ.
'ಟಾರ್ ರಸ್ತೇಲಿ ಎಂತ ತೊಂದ್ರೆ?'
'ಟಾರ್ ರಸ್ತೇಲಿ ಏನು ಹಾಕಿದ್ರೂ ನಡೀತದೆ.
ಟಾರ್ ರಸ್ತೆಗೆ ನೀನು ಯಾವಾಗ ಹೋಗ್ತಿ?'
'ಹಂಗಾದ್ರೆ ಟಾಪಿನ ತನಕ ಉದ್ದ ಮೂಗು? ಹೊಳೆ ದಾಟೋಕೆ?'
'ನೀರು ಮೊಣಕಾಲಿಗಿದ್ರೆ ಅದು ಬೇಡ.
ಬಾನೆಟ್ಟಿಗೆ ಬಂದ್ರೆ ಗಾಡಿ ಇಳಿಸಬೇಡ, ಚಾ ಕುಡಿ.
ನಡುವೆ ಎರಡು ಗೇಣು ಉಳೀತದಲ್ಲ,
ಅಷ್ಟಕ್ಕೆ ದುಡ್ಡು ಸುರಿಯೋರು ಬರಲಿ,
ನಾನೇ ಕೂರಿಸಿ ಕೊಡ್ತೇನೆ.'

ನಗಲು ಹೋಗಿ ಕೆಮ್ಮು ಬಂತು.
ನಲವತ್ತು ವರ್ಷ
ಬ್ರೇಕ್ ಡ್ರಮ್ಮಿನ ಪುಡಿಯನ್ನು ಬಾಯಲ್ಲೇ ಊದಿ ತೆಗೆದವರು.
ಟವಲು ಬಾಯಿಗೊತ್ತಿ ಕಂಬ ಹಿಡಿದು ನಿಂತರು.
ಲ್ಯಾನ್ಸಿ ಒಂದು ನಟ್ಟನ್ನು ಸುಮ್ಮನೆ ತಿರುವುತ್ತಿದ್ದ.
ನಾನು ಬಟ್ಟಲು ನೋಡುತ್ತಿದ್ದೆ.

ಹಳೆ ಎಣ್ಣೆಯನ್ನು ಪೇಂಟ್ ಡಬ್ಬಿಗೆ ಸುರಿದಿಟ್ಟರು.
ಎದುರುಮನೆ ಭವಾನಕ್ಕ ಒಯ್ದು
ಬೇಲಿಯ ಗೂಟಗಳಿಗೆ ಬಳಿಯುತ್ತಾಳೆ,
ಗೆದ್ದಲು ಹತ್ತಿರ ಬರುವುದಿಲ್ಲವಂತೆ.
ಕೊಡಚಾದ್ರಿಯ ಧೂಳು ಹೀಗೆ
ಹೊಸನಗರದ ಒಂದು ಬೇಲಿ ಕಾಯುತ್ತಿದೆ.

ಲ್ಯಾನ್ಸಿ ಶಂಕು ತೆಗೆಸಲಿಲ್ಲ.
ಭಾನುವಾರ ಏರಿನಲ್ಲಿ ಅವನು ಮುಂದೆ, ನಾನು ಹಿಂದೆ,
ಅವನೆಬ್ಬಿಸಿದ್ದೆಲ್ಲ ನನ್ನ ಬಟ್ಟಲಿಗೆ.
ಕೊನೆಯ ತಿರುವಿನಲ್ಲಿ ಆ ಕೂಗು
ದರೆಗೆ ಬಡಿದು ಇಮ್ಮಡಿಯಾಗಿ ಬಂತು.
ಹಿಂದಿನ ಸೀಟಿನ ಹುಡುಗ ಕೇಳಿದ,
'ಅಂಕಲ್, ನಮ್ಮ ಜೀಪು ಯಾಕೆ ಹಂಗೆ ಕೂಗಲ್ಲ?'
'ಇದು ಮೆಲ್ಲಗೆ ಉಸಿರಾಡ್ತದೆ ಮಗಾ' ಅಂದೆ.
ಅವನು ನಂಬಲಿಲ್ಲ.
ಎರಡನೇ ಗೇರಿಗೆ ಇಳಿಸಿ, ಕಿಟಕಿಯಾಚೆ ತಲೆ ಹಾಕಿ,
ಆ ಕೂಗು ಪೂರ್ತಿ ಮುಗಿಯುವ ತನಕ
ನಾನೂ ಕೇಳಿದೆ.