ಐದೂವರೆ ತಾಸು

ಸಂಘದ ಕಂಪ್ಯೂಟರಿಗೆ ನಮ್ಮೂರ ಹೆಸರು ಬರೆಯಲು ಬರುತ್ತಿರಲಿಲ್ಲ.
ಗುಳೇದಗುಡ್‌ಡ ಅನ್ನುತ್ತಿತ್ತು,
ಒತ್ತು ಕಳಚಿ ಪಕ್ಕಕ್ಕೆ ಬಿದ್ದು,
ಕೈಜಾರಿದ ಲಾಳಿಯ ಹಾಗೆ.

ಅದರ ಗಡಿಯಾರವೂ ಬೇರೆ ದೇಶದ್ದು.
ಮುಂಜಾನೆ ಹತ್ತಕ್ಕೆ ಶಂಕ್ರವ್ವ ತಂದ ಹನ್ನೆರಡು ಖಣಕ್ಕೆ
ನಸುಕಿನ ನಾಲ್ಕೂವರೆ ಅಂತ ಪಾವತಿ.
ಆರು ತಿಂಗಳಿಂದ ಹೀಗೇ.
ಆಡಿಟಿನವರು ಕೆಂಪು ಶಾಯಿಯಲ್ಲಿ ಕೇಳಿ ಹೋದರು:
ಆ ಹೊತ್ತಿನಲ್ಲಿ ಬಾಗಿಲು ತೆರೆದವರಾರು?

ಸೆಟ್ಟಿಂಗ್ಸ್ ತೆರೆದೆ.
ದಿನಾಂಕ ಮತ್ತು ಸಮಯ. ಮೇಲೊಂದು ಬೀಗದ ಚಿತ್ರ.
ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ನನ್ನದಲ್ಲ,
ಚಿಕನಾಳ ಗುರಸಿದ್ದಪ್ಪನವರದು.
ನಿವೃತ್ತರಾದ ದಿನ ಕಪಾಟಿನ ಕೀಲಿ ಕೊಟ್ಟರು, ಶಿಕ್ಕಾ ಕೊಟ್ಟರು,
ಮಸಿಯ ಪ್ಯಾಡು ಕೂಡ ಕೊಟ್ಟರು,
ಇದೊಂದು ಕೊಡಲಿಲ್ಲ.

"ಹೇಳೂದಿಲ್ಲವ್ವ. ಬಂದು ನಾನ ಹೊಡೀತೀನಿ."

ಬಿಸಿಲಿಳಿದ ಮೇಲೆ ಬಂದರು, ಕನ್ನಡಕ ಒರೆಸುತ್ತ.
ಕರಿ ಪರದೆ ತೆರೆಸಿ ಒಂದೇ ಬೆರಳಿಂದ
ನಾಲ್ಕಕ್ಷರ ಒತ್ತಿದರು. ನಾನು ಗಟ್ಟಿಯಾಗಿ ಓದಿದೆ: ಸುಡೋ.
ರುಕ್ಮವ್ವ ಕಸಬರಿಗೆ ನಿಲ್ಲಿಸಿದಳು.
"ಏನ್ ಸುಡ್ತೀರಿ? ಒಳಗ ನೂಲೈತಿ!"

ಆಮೇಲೆ ಪಾಸ್‌ವರ್ಡ್.
ಬೆರಳು ಬೀಳುತ್ತಿತ್ತು,
ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ, ಒಂದು ಚುಕ್ಕೆ ಕೂಡ.
ಹಾಸಿನ ಎಳೆ ಎಣಿಸುವಾಗ ನಮ್ಮವ್ವನ ತುಟಿ
ಹೀಗೇ ಅಲುಗುತ್ತಿದ್ದವು, ಸಪ್ಪಳಿಲ್ಲದೆ.
ನಡುವೆ ಮಾತಾಡಿಸಿದರೆ ಬೈಗುಳ,
ಮತ್ತೆ ಒಂದರಿಂದ.
ನಾನು ಮಾತಾಡಿಸಲಿಲ್ಲ.
ಎರಡು ಸಲ ತಪ್ಪಿತು. ಮೂರನೆಯದಕ್ಕೆ ಹಿಡಿಯಿತು.

ನನ್ನ ಹೆಸರನ್ನು ಅಧಿಕಾರದ ಗುಂಪಿಗೆ ಸೇರಿಸಿದರು.
ಯಂತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
"ಸುಮ್ಮನಿತ್ತಂದ್ರ ಒಪ್ಪಿದಂಗ," ಅಂದರು,
"ಇನ್ನ ನನ್ನ ಹೆಸರು ತಗದ್ ಬಿಡು."
ತರಿಸಿದ ಚಹಾ ಟೇಬಲ್ಲಿನ ಮೇಲೇ ಉಳಿಯಿತು.

ಹೊಸ ಅಕ್ಷರಗಳನ್ನು ಇಳಿಸಿದೆ.
ಒತ್ತು ಎದ್ದು ಬಂದು ಡಕಾರದ ಕೆಳಗೆ ಕೂತಿತು. ಗುಡ್ಡ.
ಓಣಿಯಾಚೆಯ ಕೆಂಪುಕಲ್ಲಿನ ಗುಡ್ಡವನ್ನು ಕಿಟಕಿಯಿಂದ ನೋಡಿದೆ,
ಅದೂ ತುಸು ಸರಿಯಾಗಿ ಕೂತಂತೆ.
ಸಮಯದ ಭೂಪಟದಲ್ಲಿ ನಮ್ಮೂರಿಲ್ಲ, ಬಾಗಲಕೋಟೆಯೂ ಇಲ್ಲ,
ಇಷ್ಟು ದೊಡ್ಡ ದೇಶಕ್ಕೆ ಕೋಲ್ಕತಾ ಒಂದೇ.
ಆಗಲಿ ಅಂತ ಅದನ್ನೇ ಒತ್ತಿದೆ.
ಐದೂವರೆ ತಾಸು ಒಂದೇ ಜಿಗಿತಕ್ಕೆ ದಾಟಿತು.

ಮರುದಿನ ಶಂಕ್ರವ್ವನಿಗೆ ಹೇಳಿದೆ,
ಹಳೇ ಪಾವತಿ ತಂದುಕೊಡು, ತಿದ್ದಿ ಕೊಡುವೆ,
ನಾಲ್ಕೂವರೆ ಅನ್ನೋದು ತಪ್ಪು.
ಖಣದ ಗಂಟು ಬಿಚ್ಚುತ್ತಲೇ ಅಂದಳು:
"ತಪ್ಪೇನೈತಿ? ನಾಲ್ಕೂವರಿಗೆ ನಾ ಮಗ್ಗದ ಕುಣ್ಯಾಗ ಇಳದಿರ್ತೀನಿ.
ನಿಮ್ಮ ಮಿಷನ್ನಿಗೆ ಯಾರು ಹೇಳಿದ್ರೋ ಏನೋ."

ಆಡಿಟಿಗೆ ಉತ್ತರ ಬರೆಯಲು ಕೂತಿದ್ದೇನೆ.
ಕರ್ಸರ್ ಮಿಣುಕುತ್ತಿದೆ.
ಒಳಬರುವವರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ
ಗುರಸಿದ್ದಪ್ಪನವರದು ಇನ್ನೂ ಇದೆ.
ನಾಳೆ ತೆಗೆದರಾಯಿತು.