ನೀರು ಬಿಡುವ ಮುನ್ನಾದಿನ

ಮುಚ್ಚಿಹೋದ ರೆಸಾರ್ಟಿನವರು ಗುಜರಿಗೆ ಹಾಕುವುದರಲ್ಲಿದ್ದರು,
ಬೆಳ್ಯಪ್ಪ ಕೊಂಡು ತಂದ: ಹಳದಿ ದೋಣಿ,
ಮಗ್ಗುಲಲ್ಲಿ ನಾಲ್ಕು ಎಂಬ ಅಂಕಿ.
ಉಳಿದ ಮೂರು ಎಲ್ಲಿ ಹೋದವೋ, ಕೇಳಲಿಲ್ಲ.
ಎರಡು ಹುಟ್ಟು; ಒಂದರ ಅಂಚು ಸೀಳಿತ್ತು,
ಬಸ್ ಸೀಟಿನ ಹಳೇ ರೆಕ್ಸಿನ್ ಸುತ್ತಿ ನಾನೇ ಹೊಲಿದೆ.

ಈಜು ಇಬ್ಬರಿಗೂ ಬಾರದು.
ಅದನ್ನು ಅರ್ಜಿಯಲ್ಲಿ ಬರೆಯಲಿಲ್ಲ.
ನೀರಾವರಿ ಕಚೇರಿಯ ಬೆಂಚಿನ ಮೇಲೆ
'ಉದ್ದೇಶ' ಎಂಬಲ್ಲಿಗೆ ಬಂದು ಪೆನ್ನು ಕಚ್ಚಿಕೊಂಡು ಕೂತೆ.
ಮೀನಿಗಲ್ಲ, ಮರಳಿಗಲ್ಲ,
ಮದುವೆಗೆ ಮುಂಚಿನ ಫೋಟೊ ತೆಗೆಸುವ ವಯಸ್ಸೂ ಅಲ್ಲ.
'ಹೋಗುವುದು' ಎಂದು ಬರೆದೆ.
ಗುಮಾಸ್ತ ಕನ್ನಡಕ ಏರಿಸಿ, 'ಬರುವುದು?' ಅಂದ.
ಆಗ ಹೊಳೆಯಿತು, ಕಾಲುವೆ ಹರಿಯುವುದು ಒಂದೇ ಕಡೆಗೆ.
'ಬರುವುದು ಟ್ರ್ಯಾಕ್ಟರಿನಲ್ಲಿ' ಎಂದು ಪಕ್ಕಕ್ಕೆ ಸೇರಿಸಿದೆ.

ನೀರುಗಂಟಿ ಸಣ್ಣತಮ್ಮಯ್ಯ ಮೊಪೆಡ್ ನಿಲ್ಲಿಸಿ
ದೋಣಿಯನ್ನು ಎತ್ತಿನ ಹಾಗೆ ಸುತ್ತಿ ನೋಡಿದ.
'ಹೊಳೆಗೆ ದಾರಿ ಗೊತ್ತು, ದಮಯಂತಕ್ಕ,
ಕಾಲುವೆಗೆ ಇಲಾಖೆ ಮಾತ್ರ ಗೊತ್ತು.
ಬೆಳಿಗ್ಗೆ ಆರಕ್ಕೆ ಗೇಟು ಎತ್ತುತ್ತೇನೆ,
ನಿಮ್ಮ ಕಲ್ಲಿಗೆ ಬರುವಾಗ ಹತ್ತಾದೀತು.
ಮೊದಲ ನೀರು ಹತ್ತಬೇಡಿ.
ಚಪ್ಪಲಿ, ತೆಂಗಿನಚಿಪ್ಪು, ಹಾವು
ಎಲ್ಲವೂ ನಿಮಗಿಂತ ಮುಂದೆ ಹೊರಟಿರುತ್ತವೆ.
ಎರಡನೆಯ ನೀರಿಗೆ ಹೋಗಿ.'

ಹಲಸಿನ ಮರದಡಿ, ಒಣ ಅಂಗಳದಲ್ಲೇ ಅಭ್ಯಾಸ.
ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರಬೇಕಂತೆ.
ತೋಳು ಗಟ್ಟಿ ಎಂದು ಆ ಕೆಲಸ ನನ್ನದಾಯಿತು.
ಇಪ್ಪತ್ತಾರು ವರ್ಷ ಸೋಮವಾರಪೇಟೆ ಬಸ್ಸಿನಲ್ಲಿ
ಟಿಕೆಟ್ ಹರಿದವನಿಗೆ ಬಾಯಿ ಗಟ್ಟಿ,
ಅವನು ಎದುರು ಕೂತು ದಾರಿ ಹೇಳಬೇಕು.
'ರೈಟ್, ರೈಟ್!' ಅಂದ. ಬಲಕ್ಕೆ ಎಳೆದೆ.
'ಅಯ್ಯೋ, ಹೊರಡು ಅಂದದ್ದು!'
'ಬಲಕ್ಕೆ!' ಅಂದ. ಎಳೆದೆ. ಅವನ ಬಲ ನನ್ನ ಎಡ.
ನೀರೇ ಇಲ್ಲದ ದೋಣಿಯಲ್ಲಿ
ಎರಡು ಸಲ ಮುಳುಗಿದೆವು.
ಕೋಳಿ ಒಂದು ಹಿಂದಿನ ಹಲಗೆ ಏರಿ ಕೂತು
ಈ ಜಗಳಕ್ಕೆ ಕತ್ತು ಕೊಂಕಿಸಿ ಕಿವಿಗೊಟ್ಟಿತು.
ಅನ್ನ ಬಸಿಯುವಾಗ ನನಗೇ ತೋಚಿತು:
ಎಡ ಬಲ ಬೇಡ.
ಕಾಲುವೆಗೆ ಒಂದು ದಡ ಗದ್ದೆ, ಒಂದು ದಡ ರಸ್ತೆ.
'ಗದ್ದೆ!' ಅಂದರೆ ಗದ್ದೆ, 'ರಸ್ತೆ!' ಅಂದರೆ ರಸ್ತೆ.
'ಹೋಲ್ಡಾನ್' ಮಾತ್ರ ಹಾಗೇ ಇರಲಿ,
ದೋಣಿಗೆ ಬ್ರೇಕ್ ಇಲ್ಲದಿದ್ದರೂ.

ಇವತ್ತು ಸಂಜೆ ಕಾಲುವೆಗೆ ಇಳಿದು
ಹುದುಗೂರಿನಿಂದ ಹೆಬ್ಬಾಲೆ ಕಡೆಗೆ ನಡೆದೆವು,
ತಳದಲ್ಲೇ, ಬಿರುಕು ಬಿಟ್ಟ ಕೆಸರಿನ ಮೇಲೆ.
ಹುಡುಗರು ಕ್ರಿಕೆಟ್ ನಿಲ್ಲಿಸಿ ದಾರಿ ಬಿಟ್ಟರು.
ನಾಳೆ ಇಲ್ಲಿ ಪಿಚ್ ಇರುವುದಿಲ್ಲ ಎಂದರೆ
ಗೊತ್ತು ಆಂಟಿ, ಅದಕ್ಕೇ ಅವಸರ, ಅಂದರು.
ಬಟ್ಟೆ ಒಗೆಯುವ ಮೆಟ್ಟಿಲು ಎಣಿಸಿದೆವು,
ಹಗ್ಗ ಕಟ್ಟಲು ಯಾವ ಹೊಂಗೆ, ಯಾವ ಮೈಲಿಗಲ್ಲು,
ಚಹಾ ಎಲ್ಲಿ, ಎಮ್ಮೆಗಳು ಎಷ್ಟು ಹೊತ್ತಿಗೆ ಇಳಿಯುತ್ತವೆ,
ಎಲ್ಲವನ್ನೂ ಅವನು ಹಳೇ ಟ್ರಿಪ್ ಶೀಟಿನ ಹಿಂಬದಿಗೆ ಇಳಿಸಿದ.
ತಿರುಗಿ ನೋಡಿದರೆ ನಮ್ಮ ನಾಲ್ಕು ಹೆಜ್ಜೆಸಾಲು.
ನಾಡಿದ್ದು ಇವುಗಳ ಮೇಲೆ,
ಇಲ್ಲಿ ನಡೆದ ನಮ್ಮ ನೆತ್ತಿಯ ಮೇಲೆ,
ನಾವೇ ತೇಲಿ ಹೋಗುತ್ತೇವೆ.

ಕೊನೆಯ ಸೇತುವೆ ತಗ್ಗು.
ಕಾಲುವೆಗೋಡೆಯ ಪಾಚಿಗೆರೆಗೆ ಕಾಲೂರಿ ಹತ್ತಿ,
ಕೊಡೆ ಎತ್ತಿ ಅಳೆದ; ತುದಿ ತಾಗಿತು.
ಸೀಮೆಸುಣ್ಣದಲ್ಲಿ 'ತಲೆ' ಎಂದು ಬರೆದ.
ಅದು ಅವನಿಗಷ್ಟೇ ಕಾಣುವುದು.
ನನಗೆ ಸೇತುವೆ ಕಾಣುವುದು ದಾಟಿದ ಮೇಲೆ ತಾನೇ.
'ಅತ್ತ ತಿರುಗು' ಅಂದು ಆಚೆ ಬದಿಗೆ ಹೋಗಿ
ಇನ್ನೇನನ್ನೋ ಬರೆದ. ಸ್ವಲ್ಪ ಉದ್ದದ್ದು,
ಸೀಮೆಸುಣ್ಣ ಎರಡು ಸಲ ಮುರಿದ ಸದ್ದಾಯಿತು.
ಏನದು, ಅಂದೆ.
ನಾಡಿದ್ದು ಓದು, ಅಂದ.
ಮಳೆ ಬಂದು ಅಳಿಸಿಬಿಟ್ಟರೆ?
ಅದು ಸೇತುವೆಯ ಒಳಗಿದೆ ಕಣೆ, ಅಂದ,
ಕೊಡೆ ಮಡಚುತ್ತ.