ಗಾಜಿಗೆ ಅಂಟಿದ್ದು

ಕಾಜುಬಾಗದ ಹಲ್ಲಿನ ದವಾಖಾನೆಯಲ್ಲಿ
ಕಾಯುವವರ ಬೆಂಚಿನ ಎದುರು
ನಾಲ್ಕಡಿ ಗಾಜಿನ ತೊಟ್ಟಿ.
ಮೀನು ನೋಡುತ್ತ ಕೂತವರಿಗೆ
ಸೂಜಿಯ ಭಯ ಅರ್ಧ ಇಳಿಯುತ್ತದಂತೆ,
ಪೆಡ್ನೇಕರ ಡಾಕ್ಟರು ಹೇಳುತ್ತಾರೆ.
ಉಳಿದರ್ಧಕ್ಕೆ ನಾನಿದ್ದೇನೆ:
ಚೀಟಿ ಬರೆಯುವವಳು, ಹತ್ತಿ ಹಿಡಿಯುವವಳು,
ವಾರಕ್ಕೊಮ್ಮೆ ತೊಟ್ಟಿಯ ನೀರು ಬದಲಿಸುವವಳು.

ಪಡುವಣ ಕಿಟಕಿಯ ಬಿಸಿಲು ಬಿದ್ದು ಬಿದ್ದು
ಗಾಜಿಗೆ ಪಾಚಿ ಹಿಡಿಯಿತು,
ತಂಬಾಕಿನವರ ಹಲ್ಲಿನ ಹಾಗೆ, ಬುಡದಿಂದ ಮೇಲಕ್ಕೆ.
ಹಳೆಯ ಬ್ರಷ್ಷಿನಲ್ಲಿ ಉಜ್ಜಿದೆ. ಮತ್ತೆ ಬಂತು.
"ತಿನ್ನುವ ಮೀನೇ ಉಂಟಲ್ಲ" ಅಂದ ಅಂಗಡಿಯ ಇನಾಸ,
"ಅಣಶಿ ಘಟ್ಟದ ಹಳ್ಳದ್ದು.
ಊಟ ಹಾಕುವುದು ಬೇಡ, ಜಗಳಕ್ಕಿಲ್ಲ.
ಇನ್ನೂರು ಕೊಡಿ, ಸಾಕು."

ಚೀಲದಲ್ಲಿ ಬಂತು, ಹೆಬ್ಬೆರಳುದ್ದ,
ಯಾರೋ ಮೆಟ್ಟಿ ಹೋದಂತೆ ಚಪ್ಪಟೆ,
ಹೊಟ್ಟೆಯೇ ಅಂಗೈ, ಬಾಯಿ ಅದರ ಅಡಿಯಲ್ಲಿ.
ಬಿಟ್ಟ ಕೂಡಲೇ ಗಾಜಿಗೆ ಅಂಟಿತು.
ಬೆಳಗಾಗುವುದರೊಳಗೆ ಪಾಚಿಯ ನಡುವೆ
ಬೆರಳಗಲದ ದಾರಿ ಕೊರೆದಿತ್ತು.
ಅದರ ಮೂಲಕ ಆಚೆ ಕೂತವಳ ಊದಿದ ಕೆನ್ನೆ ಕಂಡಿತು.

ಏಂಜಲ್ ಮೀನುಗಳಿಗೆ ಇಪ್ಪತ್ತೆಂಟು ಡಿಗ್ರಿ ಸುಖ,
ಸೆರಗು ಬಿಟ್ಟು ಮದುವೆಮನೆಯಲ್ಲಿ ಓಡಾಡಿದಂತೆ ಓಡಾಟ.
ಇದಕ್ಕೆ ಮಾತ್ರ,
ಗಡಿಯಾರ ನೋಡಿ ಎಣಿಸಿದೆ,
ನಿಮಿಷಕ್ಕೆ ನೂರಾ ನಲವತ್ತು ಸಲ
ಕಿವಿರು ತೆರೆದು ಮುಚ್ಚುತ್ತಿತ್ತು.
ಹೊಟ್ಟೆಗೆ ಬೇಕಾದ್ದು ಸುತ್ತ ಹಸಿರಾಗಿ ಇದ್ದೂ
ತಿನ್ನುವುದು ಬಿಟ್ಟು
ಫಿಲ್ಟರಿನ ನೀರು ಧುಮುಕುವ ಮೂಲೆಗೆ ಹೋಗಿ
ಮೂತಿ ಎತ್ತಿ ನಿಂತುಬಿಟ್ಟಿತು.
ಅಷ್ಟು ಸಣ್ಣ ಅಬ್ಬಿಯನ್ನೂ ಗುರುತು ಹಿಡಿದಿತ್ತು.

ಹಲ್ಲು ಮುರಿದುಕೊಂಡು ಬಂದ ಹುಡುಗನೊಬ್ಬ ಕೇಳಿದ,
"ಅಕ್ಕಾ, ಅದು ಓಡ್ತಾ ಇದೆಯಾ, ನಿಂತಿದೆಯಾ?"
ನಾನು ಅವನ ಹೆಸರು ಬರೆದುಕೊಂಡೆ.

ಹೀಟರ್ ತೆಗೆಸಿದೆ.
ಆದರೆ ಕಾರವಾರದ ಏಪ್ರಿಲಿಗೆ ಯಾವ ಹೀಟರ್ ಬೇಕು?
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ತಮ್ಮ ಉಲ್ಲಾಸ
ಬೋಟುಗಳಿಗೆ ಐಸ್ ಹೇರುತ್ತಾನೆ. ಕೇಳಿದ್ದಕ್ಕೆ ನಕ್ಕ:
"ಜೀವ ಇದ್ದ ಮೀನಿಗಾ?
ನಮ್ಮಲ್ಲಿ ಐಸ್ ಸಿಗುವುದು ಸತ್ತ ಮೇಲೆ."
ಆದರೂ ದಿನಾ ಟಿಫಿನ್ ಡಬ್ಬಿಯಲ್ಲಿ ತಂದ,
ಬಾಂಗಡೆ ನಾತದ ತುಂಡು.
ಬಾಟಲಿಗೆ ತುಂಬಿ, ಬಿರಡೆ ಬಿಗಿದು ತೇಲಿಬಿಟ್ಟೆ.
ಇಪ್ಪತ್ತೇಳು. ಇಪ್ಪತ್ತಾರು. ಇಪ್ಪತ್ತೈದೂವರೆ.
ಅಷ್ಟರಲ್ಲಿ ಏಂಜಲ್‌ಗಳು ರೆಕ್ಕೆ ಮಡಿಚಿ
ಒಂದಕ್ಕೊಂದು ಒತ್ತಿಕೊಂಡು ನಡುಗತೊಡಗಿದವು.
ಬಾಟಲಿ ತೆಗೆದೆ. ಮಧ್ಯಾಹ್ನಕ್ಕೆ ಇಪ್ಪತ್ತೊಂಬತ್ತು.

ಮೇ ತಿಂಗಳ ಒಂದು ದಿನ, ಒಂದೂವರೆ ಗಂಟೆಗೆ,
ಕರೆಂಟು ಹೋಯಿತು.
ಫಿಲ್ಟರ್ ಬಾಯಿ ಮುಚ್ಚಿತು.
ಆಗ ಮೊದಲ ಸಲ ಅದು ಗಾಜನ್ನು ಬಿಟ್ಟಿತು.
ಒಣ ಎಲೆ ಕೆಳಗಿಳಿದಂತೆ ಇಳಿದು ಮರಳಿನ ಮೇಲೆ ಮಲಗಿತು.
ಡಾಕ್ಟರು ಊಟದ ಕೈಯಲ್ಲೇ ಬಂದು ಬಗ್ಗಿ ನೋಡಿದರು,
ರೋಗಿಯ ಬಾಯಿಗೆ ಇಣುಕುವ ಅದೇ ಬಗ್ಗುವಿಕೆ.
ಬೆಂಚು ಖಾಲಿ ಇತ್ತು.
"ಒಳಗೆ ಕರಕೊಂಡು ಬಾ" ಅಂದರು.

ಒಳಕೋಣೆಯಲ್ಲಿ ಎಸಿಯ ತಂಪು ಇನ್ನೂ ಉಳಿದಿತ್ತು.
ಸ್ಟೀಲ್ ಟ್ರೇಗಳ ಪಕ್ಕ ಒಂದು ಅಗಲ ಬೋಗುಣಿ.
ನಾನು ಲೋಟದಿಂದ ನೀರೆತ್ತಿ ಸುರಿದೆ, ಎತ್ತಿ ಸುರಿದೆ,
ಮೂರೂ ಕಾಲಿಗೆ ಕರೆಂಟು ಬರುವ ತನಕ. ತೋಳು ಸೋತಿತು.

ಈಗ ಅದು ಅಲ್ಲೇ ಇದೆ, ಸಣ್ಣ ಪಂಪಿನ ಎದುರು.
ಬೆನ್ನು ಒರಗಿಸಿ ಬಾಯಿ ತೆರೆದವರು
ಕಣ್ಣು ಹೊರಳಿಸಿದರೆ ಕಾಣುತ್ತದೆ.
ಏನೋ ಕೇಳಲು ನೋಡುತ್ತಾರೆ, ಬಾಯಲ್ಲಿ ಹತ್ತಿ.
ಆದರೆ ಆ ಕೋಣೆಗೆ ಬಿಸಿಲಿಲ್ಲ, ಪಾಚಿ ಹುಟ್ಟುವುದಿಲ್ಲ.
ಹಾಗಾಗಿ ಟೆರೇಸಿನ ಬಕೆಟ್ಟಿನಲ್ಲಿ
ಕದ್ರಾದಿಂದ ತಂದ ಹೊಳೆಗಲ್ಲುಗಳನ್ನು ಒಣಬಿಸಿಲಿಗೆ ಇಟ್ಟು
ಪಾಚಿ ಬೆಳೆಸುತ್ತೇನೆ ನಾನು,
ಕೆಳಗೆ ಅದೇ ಪಾಚಿಯನ್ನು ಬ್ರಷ್ಷಿನಲ್ಲಿ ಉಜ್ಜುವವಳು.
ಹಸಿರಾದ ಕಲ್ಲೊಂದನ್ನು ದಿನಾ ತಂಪಾಗಿಸಿ ಒಳಗಿಡುತ್ತೇನೆ,
ನೆಕ್ಕಿ ಬಿಳುಪಾದದ್ದನ್ನು ಮೇಲೆ ಒಯ್ಯುತ್ತೇನೆ.

ನಿನ್ನೆ ಎಣಿಸಿದೆ: ಎಂಬತ್ತೆರಡು.

ಎಸಿ ಏಳಕ್ಕೆ ಬಂದ್. ಆಮೇಲೆ ಉಲ್ಲಾಸನ ಐಸು.
ಭಾನುವಾರದ ಕೀಲಿ ನನ್ನ ಹತ್ತಿರ.